ಡುಶೆನ್ ಕುಟುಂಬಗಳು, ವೈದ್ಯರು, ಸಂಶೋಧಕರ ಸಭೆ: ತಯಾರಿ ಹೇಗೆ?

ಪ್ರಶ್ನೆ: ಡುಶೆನ್ ಸ್ನಾಯುಕ್ಷಯ ಇರುವ ಮಕ್ಕಳ ಸುಮಾರು 40 ಕುಟುಂಬಗಳನ್ನು ಬೆಂಗಳೂರಿನಲ್ಲಿ ನರರೋಗ ತಜ್ಞರು, ಸಂಶೋಧಕರ ಜೊತೆ ಒಂದು ದಿನ ಕೂರಿಸಬೇಕು. ಮೊದಲೇ ಏನು ತರಿಸಿಕೊಳ್ಳಬೇಕು? ಅಂದೇ ರಕ್ತ ತೆಗೆಯಬಹುದೇ?

ಉತ್ತರ 1: ಮೊದಲು ಜೀನ್ ಪರೀಕ್ಷೆಯ ರಿಪೋರ್ಟ್ ತರಿಸಿ ಸರ್. ‘ಡಿಎಂಡಿ (ಡುಶೆನ್) ಪಾಸಿಟಿವ್’ ಅಂತಷ್ಟೇ ಇರುವ ಪಟ್ಟಿ ಸಂಶೋಧಕರಿಗೆ ಉಪಯೋಗವಿಲ್ಲ. ಈ ಕಾಯಿಲೆಗೆ ಕಾರಣವಾದ ಜೀನ್‌ನಲ್ಲಿ 79 ಎಕ್ಸಾನ್‌ಗಳು, ಅಂದರೆ ಪ್ರೋಟೀನ್ ತಯಾರಿಗೆ ಬೇಕಾದ ತುಂಡುಗಳು, ಇವೆ. ಯಾವುದರಿಂದ ಯಾವುದರವರೆಗೆ ಬಿಟ್ಟುಹೋಗಿದೆ ಅನ್ನೋದು ಬೇಕು. ಎಕ್ಸಾನ್ ಸ್ಕಿಪ್ಪಿಂಗ್ ಔಷಧ (ಒಂದು ಎಕ್ಸಾನ್ ಬಿಟ್ಟು ಓದುವಂತೆ ಮಾಡುವಂಥದ್ದು) ಯಾರಿಗೆ ಹೊಂದುತ್ತೆ ಅನ್ನೋದು ಅದರ ಮೇಲೇ ನಿಂತಿದೆ. ಎಂಎಲ್‌ಪಿಎಯಲ್ಲಿ (ಎಕ್ಸಾನ್ ಕಾಣೆಯಾಗಿದೆಯೇ, ಹೆಚ್ಚಾಗಿದೆಯೇ ಎಂದು ನೋಡುವ ಪರೀಕ್ಷೆ) ಒಂದೇ ಎಕ್ಸಾನ್ ಕಾಣೆ ಎಂದಿದ್ದರೆ ತಕ್ಷಣ ನಂಬಬೇಡಿ. ಪರೀಕ್ಷೆಯ ಪ್ರೋಬ್ (ಗುರುತು ಹಿಡಿಯುವ ಡಿಎನ್‌ಎ ತುಣುಕು) ಅಂಟುವ ಜಾಗದಲ್ಲಿ ಡಿಎನ್‌ಎಯ ಒಂದಕ್ಷರ ಬದಲಾಗಿದ್ದರೂ ಹಾಗೆ ತೋರಿಸುತ್ತೆ, ಆ ಭಾಗದ ಪ್ರತಿಗಳನ್ನು ಮಾಡಿ ನೋಡುವ ಪಿಸಿಆರ್‌ನಿಂದ ಖಚಿತಪಡಿಸಿಕೊಳ್ಳಿ. ಎಂಎಲ್‌ಪಿಎ ನಾರ್ಮಲ್ ಬಂದವರಿಗೆ ಸೀಕ್ವೆನ್ಸಿಂಗ್ (ಜೀನ್ ಅನ್ನು ಅಕ್ಷರ ಅಕ್ಷರವಾಗಿ ಓದುವುದು) ಆಗಲೇಬೇಕು. ಸುಮಾರು ಮೂರರಲ್ಲೊಂದು ಮಗುವಿನಲ್ಲಿ ದೋಷ ಹೊಸದಾಗಿ ಹುಟ್ಟಿರುತ್ತೆ. ಪರೀಕ್ಷೆ ಮಾಡದೆ ತಾಯಿಯನ್ನು ವಾಹಕಿ (ದೋಷವನ್ನು ಮಗುವಿಗೆ ದಾಟಿಸುವವಳು) ಅನ್ನಬೇಡಿ. ಮನೆಗಳಲ್ಲಿ ಆ ಒಂದು ಮಾತು ಎಷ್ಟು ಕೆಡಿಸುತ್ತೆ ಗೊತ್ತಲ್ಲ.

ಉತ್ತರ 2: ಸಂಶೋಧನೆಗೆ ರಕ್ತ ಬೇಕಿದ್ದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಸೂಜಿ ಆಮೇಲೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ವಾರ ಮೊದಲೇ ಮನೆಗೆ ಕಳಿಸಿ. ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್‌ನಲ್ಲಿ 2–3 ಎಂಎಲ್ ಸಾಕು, ತುಂಬಿದ ಕೂಡಲೇ ಮೆಲ್ಲಗೆ ಮಗುಚಿ, ಇಲ್ಲದಿದ್ದರೆ ಹೆಪ್ಪುಗಟ್ಟುತ್ತೆ. ಹೆಪ್ಪುಗಟ್ಟುವಿಕೆ ತಡೆಯುವ ಇನ್ನೊಂದು ವಸ್ತು ಹೆಪಾರಿನ್ ಇರುವ ಟ್ಯೂಬ್ ಬೇಡ, ಅದು ಪಿಸಿಆರ್‌ಗೆ ಅಡ್ಡಿ. ಟ್ಯೂಬ್ ಮೇಲೆ ಹೆಸರಲ್ಲ, ಕೋಡ್ ಬರೆಯಿರಿ. ವಾಟ್ಸಾಪ್ ಗುಂಪಿನಲ್ಲಿ ರಿಪೋರ್ಟ್ ಹಂಚುವುದನ್ನಂತೂ ನಿಲ್ಲಿಸಿ.

ಉತ್ತರ 3: ನಡಿಗೆ ಪರೀಕ್ಷೆ ಇದ್ದರೆ ಬೆಳಿಗ್ಗೆಯೇ ಮುಗಿಸಿ, ಮಧ್ಯಾಹ್ನಕ್ಕೆ ಮಕ್ಕಳು ಸುಸ್ತಾಗಿ ಅಂಕ ತಪ್ಪುತ್ತೆ. ಗಾಲಿಕುರ್ಚಿಗೆ ರ‍್ಯಾಂಪ್ 1:12ಕ್ಕಿಂತ (12 ಅಡಿ ಉದ್ದಕ್ಕೆ 1 ಅಡಿ ಎತ್ತರ) ಕಡಿದಾಗಿರಬಾರದು. ಸಭೆಗೆಂದು ಸ್ಟೀರಾಯ್ಡ್ ಒಂದು ದಿನವೂ ತಪ್ಪಿಸಬೇಡಿ ಅಂತ ಆಹ್ವಾನದಲ್ಲೇ ಬರೆಯಿರಿ. ಸಂಶೋಧಕರ ಭಾಷಣ 15 ನಿಮಿಷ, ಪ್ರಶ್ನೆಗೆ ಅದರ ಎರಡರಷ್ಟು.