ತುಳುವಿನಲ್ಲಿ ‘ಅಮ್ಮೆ’ ಅಂದ್ರೆ ಅಪ್ಪ! ಇದು ಹೇಗೆ?

ಕತ್ರಿಗುಪ್ಪೆ_ಕಾಫಿ:
ನಮ್ಮ ಮೇಲಿನ ಮನೆಗೆ ಸುರತ್ಕಲ್ ಕಡೆಯವರು ಬಾಡಿಗೆಗೆ ಬಂದಿದ್ದಾರೆ. ನೀರಿನ ಟ್ಯಾಂಕರ್ ದುಡ್ಡು ಕೇಳೋಕೆ ಹೋದರೆ ಬಾಗಿಲಿಗೆ ಬಂದ ಪುಟಾಣಿ ‘ಅಮ್ಮೆರ್ ಇಜ್ಜೆರ್’ ಅಂದ. ಅವರಮ್ಮ ಒಳಗೆ ಒಗ್ಗರಣೆ ಹಾಕುತ್ತಾ ಇದ್ದರು, ಸಾಸಿವೆ ಸಿಡಿಯೋದು ಕೇಳಿಸ್ತಿತ್ತು! ಅವರೇ ಬಂದು ನಕ್ಕು, ‘ಅವನು ಹೇಳಿದ್ದು ಅಪ್ಪ ಇಲ್ಲ ಅಂತ’ ಅಂದರು. ಕನ್ನಡ, ತಮಿಳು, ತೆಲುಗು, ಮಲಯಾಳ ಎಲ್ಲದರಲ್ಲೂ ಅಮ್ಮ ಅಂದ್ರೆ ತಾಯಿ. ತುಳುವರಿಗೆ ಮಾತ್ರ ಯಾಕೆ ಉಲ್ಟಾ?

ಕುಡ್ಲದ_ಮೀನು:
ಉಲ್ಟಾ ನಿಮ್ಮದೇ ಇರಬಹುದಲ್ವಾ? :) ನಮಗೆ ಅಪ್ಪೆ ತಾಯಿ, ಅಮ್ಮೆ ತಂದೆ. ಗೌರವಕ್ಕೆ ಅಮ್ಮೆರ್. ಮಾತೃಭಾಷೆಗೂ ‘ಅಪ್ಪೆ ಭಾಷೆ’ ಅಂತೀವಿ. ಬೆಂಗಳೂರಲ್ಲಿ ಬೆಳೆಯೋ ನಮ್ಮ ಮಕ್ಕಳು ಜಾಸ್ತಿ ‘ಪಪ್ಪಾ’ ಅಂತಲೇ ಕರೆಯೋದು. ಆ ಪುಟಾಣಿಗೆ ನನ್ನ ಲೆಕ್ಕದಲ್ಲಿ ಒಂದು ಐಸ್‌ಕ್ರೀಂ ಕೊಡಿಸಿ.

ನಿವೃತ್ತ_ಮೇಷ್ಟ್ರು:
ಅಪ್ಪೆ ಕನ್ನಡಕ್ಕೆ ಅಷ್ಟೇನೂ ದೂರದ ಮಾತಲ್ಲ. ಹಳಗನ್ನಡದಲ್ಲಿ ತಾಯಿಗೆ ‘ಅಬ್ಬೆ’. 10ನೇ ಶತಮಾನದ ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿ ಇರೋದು ಅದೇ. ದಕ್ಷಿಣ ಕನ್ನಡದ ಹವ್ಯಕರ ಮನೆಗಳಲ್ಲಿ ಇವತ್ತಿಗೂ ಅಬ್ಬೆ ಅಂತಾರೆ.

ತುಳುವರು ಒಬ್ಬರೇ ಅಂದುಕೊಳ್ಳಬೇಡಿ. ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಅಂದ್ರೆ ಅಪ್ಪ, ‘ದೆದಾ’ ಅಂದ್ರೆ ಅಮ್ಮ. ಮಗು ಹಾಲು ಕುಡಿಯುವಾಗ ಬಾಯಿ ಮುಚ್ಚಿರುತ್ತೆ, ಸದ್ದು ಮೂಗಿನಿಂದಲೇ ಬರಬೇಕು, ಅದು ‘ಮ್’ ಆಗುತ್ತೆ. ಅದಕ್ಕೇ ಲೋಕದಲ್ಲಿ ಜಾಸ್ತಿ ಕಡೆ ‘ಮ’ ತಾಯಿಗೆ ಸಿಕ್ಕಿದೆ ಅಂತ ಭಾಷಾತಜ್ಞ ರೋಮನ್ ಯಾಕಬ್ಸನ್ ವಾದ. ನನ್ನ ಕೇಳಿದರೆ, ಮಗು ಸುಮ್ನೆ ಮ, ಪ, ಬ ಅನ್ನುತ್ತೆ. ಇದು ನನ್ನನ್ನೇ ಕರೆದದ್ದು ಅಂತ ಮೊದಲು ಓಡಿ ಬಂದವರಿಗೆ ಆ ಸದ್ದು!

ಸಿಂದಗಿ_ಶೇಂಗಾ:
ನಮ್ಮ ಕಡೆ ‘ಆಯಿ’ ನೋಡ್ರಿ. ಮರಾಠಿಯವರಿಗೆ ತಾಯಿ, ಶಿರಸಿ ಹವ್ಯಕರಿಗೂ ತಾಯಿ. ನಮಗೆ ಅಜ್ಜಿ. ಅಜ್ಜ ಮುತ್ಯಾ, ಹೆತ್ತಾಕಿ ಅವ್ವ. ಪಿಜಿಯಲ್ಲಿ ಶಿರಸಿಯವ, ನಾನು ಇಬ್ಬರೂ ಫೋನಿನಲ್ಲಿ ‘ಆಯಿ, ಊಟ ಆತಾ?’ ಅಂತೀವಿ. ಅತ್ತ ಕಡೆ ಬೇರೆ ಬೇರೆ ತಲೆಮಾರು.

ಕತ್ರಿಗುಪ್ಪೆ_ಕಾಫಿ:
ಮೇಷ್ಟ್ರೇ, ನಾವೇನು ಕಮ್ಮಿ? ಸೊಪ್ಪಿನ ಗಾಡಿಯ ಅಜ್ಜಿ ಯುಕೆಜಿ ಓದೋ ನನ್ನ ಮಗಳಿಗೆ ‘ಏನಮ್ಮ’ ಅಂತಾರೆ, ನನಗೆ ‘ತಗೋಳಪ್ಪ’ ಅಂತಾರೆ.

ನಿವೃತ್ತ_ಮೇಷ್ಟ್ರು:
ಹೌದಪ್ಪ. ನಮ್ಮ ಮೈಸೂರಿನ ಮನೆಯಲ್ಲಿ ತಂದೆಯನ್ನೇ ‘ಅಣ್ಣ’ ಅಂತ ಕರೀತಿದ್ವಿ. ದೊಡ್ಡಣ್ಣನಿಗೆ ಪಾಪ, ಬರೀ ಹೆಸರು.