ಪದಚರ್ಚೆ: ಏರ್ ಫ್ರೈಯರಿನಲ್ಲಿ ಮಾಡಿದ ‘ಡೋನಟ್ ಹೋಲ್’ ಕರಿದದ್ದೋ, ಸುಟ್ಟದ್ದೋ?

ಬಳಗದ ಎಲ್ಲರಿಗೂ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಮಸ್ಕಾರ.

ನನ್ನ ತಂಗಿಯ ಮಗಳು ಕಳೆದ ತಿಂಗಳು ಏರ್ ಫ್ರೈಯರ್ ತೆಗೆದುಕೊಂಡಳು. ಅದರಲ್ಲಿ ಮೊದಲು ಮಾಡಿದ್ದು ಡೋನಟ್ ಹೋಲ್. ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ, ಸಕ್ಕರೆಯಲ್ಲಿ ಹೊರಳಿಸಿದ ಮೈದಾದ ಉಂಡೆಗಳು. ಚೆನ್ನಾಗಿಯೇ ಬಂದವು. ಅವಳ ಅತ್ತೆ ಮೈಸೂರಿನವರು. ಮಾಡುವ ಕ್ರಮವನ್ನು ಕನ್ನಡದಲ್ಲಿ ಬರೆದು ಕಳುಹಿಸು ಎಂದರಂತೆ. ಬರೆಯಲು ಕುಳಿತವಳು ಅರ್ಧಕ್ಕೆ ಪೆನ್ನು ಕೆಳಗಿಟ್ಟು ಕೇಳಿದಳು: “ದೊಡ್ಡಮ್ಮ, ಇದಕ್ಕೆ ಎಂತ ಹೇಳಿ ಬರೆಯೆಕ್ಕು? ಹೊರಿವದು ಹೇಳುಲೆ ಎಣ್ಣೆಯೇ ಇಲ್ಲೆನ್ನೆ!” ಇದಕ್ಕೆ ಏನೆಂದು ಬರೆಯಬೇಕು, ಕರಿಯುವುದು ಎನ್ನಲು ಎಣ್ಣೆಯೇ ಇಲ್ಲವಲ್ಲ ಎಂದು.

ಎರಡು ವಾರದಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅವಳಿಗೆ ಬೇಕಾದದ್ದು ಎರಡು ಮಾತು. ಆ ಯಂತ್ರದ ಒಳಗೆ ನಡೆಯುವ ಕೆಲಸಕ್ಕೆ ಒಂದು ಕ್ರಿಯಾಪದ, ಹೊರಗೆ ಬರುವ ಉಂಡೆಗೆ ಒಂದು ಹೆಸರು. ಕ್ರಿಯಾಪದದ ವಿಷಯದಲ್ಲಿ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ, ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಹೆಸರಿನ ವಿಷಯದಲ್ಲಿ ನಿಮ್ಮ ಸಹಾಯವೇ ಬೇಕು.

ಯಂತ್ರ ಏನು ಮಾಡುತ್ತದೆಂದು ಮೊದಲು ನೋಡಿಕೊಳ್ಳೋಣ. ಮೇಲ್ಗಡೆ ಕಾಯುವ ಸುರುಳಿ, ಅದರ ಪಕ್ಕದಲ್ಲಿ ಫ್ಯಾನು, ಕೆಳಗೆ ತೂತುತೂತಿನ ಬುಟ್ಟಿ. ಬಿಸಿಗಾಳಿ ಆ ಇಕ್ಕಟ್ಟಿನಲ್ಲಿ ರಭಸದಿಂದ ಸುತ್ತುತ್ತ ತಿಂಡಿಯ ಮೈಯ ಪಸೆ ಆರಿಸಿ, ಕೆಂಪಗೆ ಗರಿಯಾಗಿಸುತ್ತದೆ. ಎಣ್ಣೆ ಹಾಕಿದರೆ ಮೇಲಿನಿಂದ ಒಂದಿಷ್ಟು ಸವರಿದ್ದು, ಅಷ್ಟೆ. ಅಂದರೆ ಇದು ಸಣ್ಣ ಗೂಡಿನಲ್ಲಿ ಅಡಗಿಸಿದ ಒಲೆ. ಕಾಸರಗೋಡು ಪೇಟೆಯ ಬೇಕರಿಗಳಲ್ಲಿ ಒಲೆಗೂಡನ್ನು ಮಲಯಾಳದ ಮಾತಿನಂತೆ ‘ಬೋರ್ಮ’ ಎನ್ನುತ್ತಾರಲ್ಲ, ಅದರ ಮರಿ. ‘ಫ್ರೈಯರ್’ ಎಂಬುದು 2010ರಲ್ಲಿ ಅದನ್ನು ಮಾರುಕಟ್ಟೆಗೆ ತಂದ ಹಾಲೆಂಡಿನ ಫಿಲಿಪ್ಸ್ ಕಂಪೆನಿ ಇಟ್ಟ ಹೆಸರು. ಮಾರುವವರು ಇಟ್ಟ ಹೆಸರನ್ನು ಹಾಗೆಯೇ ಹೇಳುವುದರಲ್ಲಿ ನನಗೆ ತಕರಾರಿಲ್ಲ; ಕುಕ್ಕರ್, ಮಿಕ್ಸಿ ಎಲ್ಲ ಹಾಗೆಯೇ ನಮ್ಮ ಅಡುಗೆಮನೆಗೆ ಬಂದವು. ಆದರೆ ಹೆಸರಿನಲ್ಲಿ ‘ಫ್ರೈ’ ಇದೆಯೆಂದು ಕ್ರಿಯಾಪದವನ್ನೂ ‘ಕರಿ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಕನ್ನಡದಲ್ಲಿ ಕರಿಯುವುದಕ್ಕೆ ಬಾಣಲೆ ತುಂಬ ಎಣ್ಣೆಯೋ ತುಪ್ಪವೋ ಬೇಕು.

ನಮ್ಮ ಕುಂಬಳೆ ಸೀಮೆಯ ಮನೆಮಾತಿನಲ್ಲಿ ‘ಕರಿ’ ಬಳಕೆ ಕಡಿಮೆ. ಹವ್ಯಕರ ಮನೆಗಳಲ್ಲಿ ಹಪ್ಪಳವನ್ನು ‘ಹೊರಿವದು’. ಅದು ಗ್ರಂಥಭಾಷೆಯ ‘ಹುರಿ’ಯೇ, ಆದರೆ ಅರ್ಥ ಬೇರೆ. ಘಟ್ಟದ ಮೇಲಿನವರಿಗೆ ಹುರಿಯುವುದೆಂದರೆ ರವೆ, ಸಾಸಿವೆ, ಕಡಲೆ. ನಮಗೆ ಎಣ್ಣೆಯಲ್ಲಿ ಮುಳುಗಿಸಿದ್ದೂ ಹೊರಿದದ್ದೇ. ಮಲಯಾಳದ ‘ಪೊರಿ’ ಇದರ ಒಡಹುಟ್ಟು. ಪಾಲ್–ಹಾಲು, ಪುಲಿ–ಹುಲಿ, ಪೊನ್–ಹೊನ್ನು ಇದ್ದಂತೆ ಪೊರಿ–ಹೊರಿ. ಬಾಳೆಹಣ್ಣು ಹೊರಿದು ಮಾಡುವ ಪಳಂಪೊರಿ ತಿನ್ನದ ಕಾಸರಗೋಡಿನವರು ಯಾರಿದ್ದಾರೆ? ಆ ಹೆಸರಿನ ಬಾಲದಲ್ಲಿರುವುದು ನಮ್ಮದೇ ‘ಹೊರಿ’. ಮೈಸೂರು ಕಡೆಯ ‘ಕಡ್ಲೆಪುರಿ’ಯಲ್ಲಿ ಅದರ ಹಳೆಯ ಪಕಾರ ಇನ್ನೂ ಉಳಿದಿದೆ.

ಜಿಲ್ಲೆಯಲ್ಲಿ ಬೇರೆಯವರ ಬಾಯಲ್ಲಿ ‘ಕಾಯಿಸು’ ಕೇಳುತ್ತೇನೆ. ಮಂಗಳೂರು ಕಡೆಯ ಕನ್ನಡದಲ್ಲೂ ‘ಕಾದ ಎಣ್ಣೆಯಲ್ಲಿ ಕಾಯಿಸಿ ತೆಗೆಯಿರಿ’ ಎನ್ನುವುದು ಸಹಜ. ಮಲಯಾಳದವರು ಪಪ್ಪಡ ‘ಕಾಚ್ಚು’ತ್ತಾರೆ, ಅದೂ ಇದೇ. ಹಾಲಿಗೂ ಹಪ್ಪಳಕ್ಕೂ ಒಂದೇ ಕ್ರಿಯಾಪದ! ಇನ್ನು ‘ಕರಿ’ಯನ್ನು ಈ ಊರಿನಲ್ಲಿ ನೆರೆಮನೆಯವರ ಎದುರು ಹೇಳುವಾಗ ಸ್ವಲ್ಪ ಜಾಗ್ರತೆ ಬೇಕು. ಮಲಯಾಳದಲ್ಲಿ ಕರಿ ಎಂದರೆ ಇದ್ದಲು. ‘ಕರಿಞ್ಞು’ ಎಂದರೆ ನಾವು ‘ಕರಂಚಿತು’ ಎನ್ನುವ ಸ್ಥಿತಿ, ಸೀದು ಕಪ್ಪಾದದ್ದು. “ಕರಿದದ್ದು, ತಿನ್ನಿ” ಎಂದು ನಾನೊಮ್ಮೆ ತಿಂಡಿ ಕೊಟ್ಟಾಗ ಪಕ್ಕದ ಮನೆಯ ಚೇಚಿ (ಮಲಯಾಳದಲ್ಲಿ ಅಕ್ಕ) ಪಾಪ “ಕರಿಞ್ಞೋ?” ಎಂದು ಮುಖ ಸಣ್ಣದು ಮಾಡಿದ್ದರು.

ಅದೇ ಚೇಚಿಯೇ ಈ ಸಲ ನನಗೆ ದಾರಿ ತೋರಿಸಿದ್ದು. ತಂಗಿಯ ಮಗಳು ತಟ್ಟೆಯಲ್ಲಿ ನಾಲ್ಕು ಡೋನಟ್ ಹೋಲ್ ಇಟ್ಟು ಬೇಲಿಯಾಚೆ ಕೊಟ್ಟಳು. ಅವರು ಒಂದನ್ನು ಎರಡಾಗಿ ಮುರಿದು ನೋಡಿ ಅಂದದ್ದು: “ಇದ್ ಪೊರಿಚ್ಚದಲ್ಲಲ್ಲೋ, ಚುಟ್ಟದಲ್ಲೇ?” ಹೊರಿದದ್ದಲ್ಲವಲ್ಲ, ಸುಟ್ಟದ್ದಲ್ಲವೇ? ಯಂತ್ರವನ್ನು ಅವರು ನೋಡಿರಲಿಲ್ಲ. ಬೆರಳಿಗೆ ಎಣ್ಣೆ ಅಂಟದ್ದೇ ಅವರಿಗೆ ಸಾಕಾಯಿತು.

ಚುಡು–ಸುಡು. ಚಾವ್–ಸಾವು, ಚೇರ್–ಸೇರು, ಹಾಗೆಯೇ ಇದು. ಮಲಯಾಳದಲ್ಲಿ ದೋಸೆಯನ್ನೂ ಅಪ್ಪವನ್ನೂ ‘ಚುಡು’ತ್ತಾರೆ. ನಾವು ದೋಸೆ ‘ಎರೆ’ಯುತ್ತೇವೆ, ಹಾಗಾಗಿ ಆ ಬಳಕೆ ನಮ್ಮಲ್ಲಿ ಇಲ್ಲವೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಇದೆ! ನಮ್ಮ ಮನೆಯಲ್ಲೇ ಇದೆ. ಹಲಸಿನ ಹಣ್ಣಿನ ಕಾಲದಲ್ಲಿ ಶಾಲೆ ಬಿಟ್ಟು ಬಂದ ಕೂಡಲೇ ನನ್ನ ಅಮ್ಮ ಹೇಳುತ್ತಿದ್ದದ್ದು “ಸುಟ್ಟವು ಮಾಡಿ ಮಡುಗಿದ್ದೆ ಮಕ್ಕಳೇ” ಎಂದು. ಹಲಸಿನ ಹಣ್ಣು, ಬೆಲ್ಲ, ಅಕ್ಕಿ ಅರೆದು ಎಣ್ಣೆಗೆ ಬಿಟ್ಟ ಉಂಡೆ ಉಂಡೆ ತಿಂಡಿ, ಕರಾವಳಿಯ ಉಳಿದವರು ಮುಳ್ಕ ಎನ್ನುವುದು. ಕೆಲವು ಮನೆಗಳಲ್ಲಿ ‘ಸುಟ್ಟೇವು’. ಬಿಡಿಸಿದರೆ ‘ಸುಟ್ಟ + ಅವು’, ಸುಟ್ಟಂಥವು ಎಂದೇ ನನಗೆ ತೋರುತ್ತದೆ. ಎಣ್ಣೆಯಲ್ಲಿ ಬೆಂದ ತಿಂಡಿಗೆ ‘ಸುಟ್ಟವು’ ಎಂಬ ಹೆಸರು ಹೇಗೆ ಬಂತು? ತಮಿಳಿನಲ್ಲಿ ವಡೆಯನ್ನೂ ‘ಸುಡು’ತ್ತಾರೆ, ಅಜ್ಜಿ ವಡೆ ಸುಟ್ಟದ್ದು, ಕಾಗೆ ಕದ್ದದ್ದು, ನರಿ ಹಾಡಲು ಹೇಳಿದ್ದು ಅಲ್ಲಿನ ಮಕ್ಕಳಿಗೆಲ್ಲ ಗೊತ್ತಿರುವ ಕತೆ. ಅಂದರೆ ಈ ಧಾತುವಿನ ಹರವು ದೊಡ್ಡದು. ಬಿಸಿ ತಾಗಿಸಿ ತಿಂಡಿಯ ಮೈ ಕೆಂಪಗಾಗಿಸುವ ಯಾವ ಕೆಲಸಕ್ಕೂ ಅದು ಒದಗುತ್ತಿತ್ತು. ಕನ್ನಡದಲ್ಲಿ ಎಣ್ಣೆಯ ಪಾಲನ್ನು ಕರಿ, ಹುರಿ, ಕಾಯಿಸುಗಳು ತೆಗೆದುಕೊಂಡವು. ನಮ್ಮ ತಿಂಡಿಯ ಹೆಸರಿನಲ್ಲಿ ಮಾತ್ರ ಹಳೆಯ ಬಳಕೆ ಉಳಿದುಕೊಂಡಿದೆ.

ಇಲ್ಲಿಗೆ ಮಗಳು ತಡೆದಳು. “ಸುಡಿ ಎಂದು ಬರೆದರೆ ಮೈಸೂರಿನ ಅತ್ತೆ ಕರಕಲು ಮಾಡಬೇಕೆಂದು ತಿಳಿದರೆ?” ನ್ಯಾಯವಾದ ಪ್ರಶ್ನೆ. ‘ಸುಟ್ಟುಹೋಯಿತು’ ಎಂದರೆ ಎಲ್ಲ ಕಡೆಯೂ ಹಾಳಾಯಿತೆಂದೇ ಅರ್ಥ. ಆದರೆ ಆ ಅತ್ತೆ ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದಿಲ್ಲವೇ? ಬೀದರಿನಿಂದ ಚಾಮರಾಜನಗರದವರೆಗೆ ‘ಸುಟ್ಟ ಹಪ್ಪಳ’, ‘ಕರಿದ ಹಪ್ಪಳ’ ಎಂಬ ಜೋಡಿ ಗೊತ್ತಿಲ್ಲದ ಮನೆ ಇದೆಯೇ? ಹಪ್ಪಳ ಒಂದೇ, ವ್ಯತ್ಯಾಸ ಎಣ್ಣೆಯದು ಮಾತ್ರ. ಕೆಂಡದ ಮೇಲೆ ಹಿಡಿದು ತಿರುಗಿಸಿದರೆ ಸುಟ್ಟದ್ದು, ಎಣ್ಣೆಗೆ ಬಿಟ್ಟರೆ ಕರಿದದ್ದು. ಏರ್ ಫ್ರೈಯರಿನ ಹೊಸ ಪ್ರಶ್ನೆಗೆ ಕನ್ನಡ ಆಗಲೇ ಕೊಟ್ಟಿಟ್ಟ ಉತ್ತರ ಇದು. ನನ್ನ ಅಭಿಪ್ರಾಯ ಗಟ್ಟಿಯಾದದ್ದು ಈ ಹಪ್ಪಳದ ಜೋಡಿಯಿಂದ.

‘ಸುಡು’ವಿಗೆ ನೇರ ಬೆಂಕಿ ತಾಗಬೇಕಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಇಟ್ಟಿಗೆ ಸುಡುವ ಗೂಡು, ಮಡಕೆ ಸುಡುವ ಆವೆ ನೆನಪಿಸಿಕೊಳ್ಳಿ. ಅಲ್ಲಿ ಸುತ್ತ ಕವಿದ ಬಿಸಿಯೇ ಕೆಲಸ ಮಾಡುವುದು. ನಡುವಿನ ಮಡಕೆಗೆ ಜ್ವಾಲೆ ತಾಗಲೇಬೇಕೆಂದಿಲ್ಲ. ‘ಬೇಯಿಸು’ ಸಾಕಲ್ಲ ಎನ್ನುವವರೂ ಇರಬಹುದು. ಸಾಲದು. ಬೇಯಿಸು ಎಂದರೆ ಕಣ್ಣ ಮುಂದೆ ನೀರೋ ಹಬೆಯೋ ಬರುತ್ತದೆ. ಮೈ ಕೆಂಪಾಗಿ ಗರಿಯಾಗುವುದು ಆ ಮಾತಿನಲ್ಲಿ ಇಲ್ಲ.

ಹಾಗಾಗಿ ನಾವಿಬ್ಬರೂ ಕೂತು ಬರೆದದ್ದು ಹೀಗೆ. ಕಿವಿಗೆ ಹೇಗೆ ಕೇಳುತ್ತದೆಂದು ಓದಿ ನೋಡಿ:

“ಮೈದಾ 250 ಗ್ರಾಂ, ಯೀಸ್ಟ್ ಒಂದು ಟೀ ಚಮಚ, ಸಕ್ಕರೆ ಮೂರು ದೊಡ್ಡ ಚಮಚ, ಚಿಟಿಕೆ ಉಪ್ಪು. ಉಗುರುಬೆಚ್ಚಗಿನ ಹಾಲು ಸುಮಾರು 140 ಮಿಲಿಲೀಟರ್, ಮೆತ್ತಗಾದ ಬೆಣ್ಣೆ 30 ಗ್ರಾಂ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಿ. ಎರಡರಷ್ಟು ಉಬ್ಬುವವರೆಗೆ, ಸುಮಾರು ಒಂದು ಗಂಟೆ, ಮುಚ್ಚಿಡಿ. 20 ಗ್ರಾಮಿನ ಉಂಡೆ ಕಟ್ಟಿ ಮತ್ತೆ 20 ನಿಮಿಷ ಬಿಡಿ. ಮೇಲೆ ತೆಳ್ಳಗೆ ಎಣ್ಣೆ ಸವರಿ, ಒಂದಕ್ಕೊಂದು ತಾಗದ ಹಾಗೆ ಬುಟ್ಟಿಯಲ್ಲಿಟ್ಟು, ಮೊದಲೇ ಕಾಯಿಸಿದ ಏರ್ ಫ್ರೈಯರಿನಲ್ಲಿ 180 ಡಿಗ್ರಿಯಲ್ಲಿ 5–6 ನಿಮಿಷ ಹೊಂಬಣ್ಣಕ್ಕೆ ಸುಡಿ. ಬಿಸಿಯಿರುವಾಗಲೇ ಬೆಣ್ಣೆ ಹಚ್ಚಿ ದಾಲ್ಚಿನ್ನಿ ಬೆರೆಸಿದ ಸಕ್ಕರೆಯಲ್ಲಿ ಹೊರಳಿಸಿ.”

‘ಹೊಂಬಣ್ಣಕ್ಕೆ ಸುಡಿ’ ಎಂದಾಗ ಕರಕಲಿನ ಭಯ ಹೋಯಿತು ಎಂದು ನನ್ನ ನಂಬಿಕೆ. ಬೆಣ್ಣೆ ಹಚ್ಚುವುದನ್ನು ಬಿಡಬಾರದು. ಸುಟ್ಟ ಉಂಡೆಯ ಮೈ ಒಣಗಿರುತ್ತದೆ, ಸಕ್ಕರೆ ಹಿಡಿಯುವುದಿಲ್ಲ. ಕರಿದದ್ದಕ್ಕೆ ಈ ಕೆಲಸ ಬೇಕಿಲ್ಲ. ಇನ್ನೊಂದನ್ನು ಬರೆಯುವಾಗಲೇ ಗಮನಿಸಿದೆ: ಎಣ್ಣೆಗೆ ಹಿಟ್ಟನ್ನು ‘ಬಿಡು’ತ್ತೇವೆ, ಬುಟ್ಟಿಯಲ್ಲಿ ಉಂಡೆಯನ್ನು ‘ಇಡು’ತ್ತೇವೆ. ಸುಟ್ಟವಿನ ಸಡಿಲ ಹಿಟ್ಟನ್ನು ಆ ಬುಟ್ಟಿಗೆ ಬಿಟ್ಟರೆ ತೂತುಗಳಲ್ಲಿ ಕೆಳಗಿಳಿದುಹೋಗುತ್ತದೆ. ಎಣ್ಣೆಯಾದರೆ ಬಿದ್ದ ಕ್ಷಣದಲ್ಲೇ ಸುತ್ತಲಿಂದ ಹಿಡಿದು ದುಂಡಗೆ ಗಟ್ಟಿ ಮಾಡುತ್ತದೆ. ಗಾಳಿಗೆ ಆ ಶಕ್ತಿಯಿಲ್ಲ. ಅಮ್ಮನ ಸುಟ್ಟವನ್ನು ಈ ಯಂತ್ರದಲ್ಲಿ ಮಾಡಬೇಕಿದ್ದರೆ ಸಣ್ಣ ಅಚ್ಚುಗಳಲ್ಲಿ ಹೊಯ್ದೇ ಇಡಬೇಕು.

ಇನ್ನು ಹೆಸರು. ಮೊಬೈಲಿಗೆ ಬಂದ ಒಂದು ಪಾಕಕ್ರಮದಲ್ಲಿ ‘ಡೋನಟ್ ರಂಧ್ರಗಳು’ ಎಂದಿತ್ತು. ಓದಿ ಬೇಸರವಾಯಿತು. ರಂಧ್ರವನ್ನು ತಿನ್ನುವುದು ಹೇಗೆ? ಇಂಗ್ಲಿಷಿನಲ್ಲಿ ಆ ಮಾತು ಹುಟ್ಟುವುದಕ್ಕೆ ಕಾರಣವಿದೆ. ಅಲ್ಲಿ ಲಟ್ಟಿಸಿದ ಹಿಟ್ಟನ್ನು ಬಳೆಯಾಕಾರದಲ್ಲಿ ಕತ್ತರಿಸುತ್ತಾರೆ, ನಡುವಿನ ಬಿಲ್ಲೆ ಬೇರೆಯಾಗಿ ಕೈಗೆ ಬರುತ್ತದೆ. ತೂತಿನಿಂದ ಬಂದದ್ದು, ಆದ್ದರಿಂದ ತೂತು. ನಮ್ಮ ಉದ್ದಿನ ವಡೆಗೂ ತೂತಿದೆ, ಆದರೆ ಅದನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿಸುತ್ತೇವೆ. ಹಿಟ್ಟು ಪಕ್ಕಕ್ಕೆ ಸರಿಯುತ್ತದೆ, ಏನೂ ಉಳಿಯುವುದಿಲ್ಲ. ಉಳಿಯದ ವಸ್ತುವಿಗೆ ನಮ್ಮಲ್ಲಿ ಹೆಸರೂ ಹುಟ್ಟಲಿಲ್ಲ. ‘ತೂತು’, ‘ಒಟ್ಟೆ’, ‘ರಂಧ್ರ’ ಯಾವುದನ್ನು ತಂದು ಕೂರಿಸಿದರೂ ಕೂರದೆ ಇರುವುದು ಇದಕ್ಕೇ.

ತಿಂಡಿಯ ಚರಿತ್ರೆ ನೋಡಿದರೆ ಉಂಡೆಯೇ ಮೊದಲು, ತೂತು ಆಮೇಲೆ ಬಂದದ್ದು. ಅಮೆರಿಕದ ವಾಷಿಂಗ್ಟನ್ ಇರ್ವಿಂಗ್ 1809ರಲ್ಲಿ ನ್ಯೂಯಾರ್ಕಿನ ಡಚ್ಚರ ತಿಂಡಿಗಳನ್ನು ಹೇಳುವಾಗ ಡೋನಟ್ ಎಂದರೆ ಸಿಹಿ ಹಿಟ್ಟಿನ ಉಂಡೆಗಳನ್ನು ಹಂದಿಯ ಕೊಬ್ಬಿನಲ್ಲಿ ಕರಿದದ್ದು ಎಂದೇ ವಿವರಿಸಿದ್ದಾರೆ, ಅದರ ಡಚ್ ಹೆಸರು ‘ಓಲಿಕೂಕ್’ ಎಂಬುದನ್ನೂ ಕೊಟ್ಟಿದ್ದಾರೆ. ಓಲಿ ಎಂದರೆ ಎಣ್ಣೆ, ಕೂಕ್ ಎಂದರೆ ಕೇಕು. ನಮ್ಮ ನೆರೆಯ ‘ನೆಯ್ಯಪ್ಪ’ದ ಹಾಗೆಯೇ ಕಟ್ಟಿದ ಪದ, ಅಲ್ಲಿ ಎಣ್ಣೆ, ಇಲ್ಲಿ ತುಪ್ಪ. ನಡುವಿನ ತೂತನ್ನು 1847ರಲ್ಲಿ ತಾನೇ ಮೊದಲು ಮಾಡಿದ್ದೆಂದು ಹ್ಯಾನ್ಸನ್ ಗ್ರೆಗರಿ ಎಂಬ ಹಡಗಿನವನು ಹೇಳಿಕೊಂಡಿದ್ದ. ಎಣ್ಣೆಯನ್ನು ಹೆಸರಿನಲ್ಲೇ ಹೊತ್ತ ತಿಂಡಿ ಡಚ್ಚರದು, ಎಣ್ಣೆಯನ್ನು ಬಿಡಿಸಿದ ಯಂತ್ರವೂ ಅವರ ಕಂಪೆನಿಯದೇ. ನನಗೆ ಇದು ಬಹಳ ಚಂದ ಕಂಡಿತು.

ಹಾಗಾದರೆ ‘ಸುಟ್ಟವು’ ಎಂದೇ ಕರೆಯೋಣವೇ? ಮನಸ್ಸೇನೋ ಆ ಕಡೆಗೇ ಎಳೆಯುತ್ತದೆ. ಆದರೆ ಆ ಹೆಸರಿನ ಜೊತೆ ಹಲಸಿನ ಹಣ್ಣಿನ ಪರಿಮಳವೂ ಬೆಲ್ಲವೂ ಅಂಟಿಕೊಂಡಿವೆ. ಮೈದಾದ ಉಂಡೆಗೆ ಅದನ್ನು ಕೊಟ್ಟರೆ ನಾಳೆ ಮಕ್ಕಳಿಗೆ ಹಳೆಯದರ ಹೆಸರು ತಪ್ಪುತ್ತದೆ. ಅದು ನನಗೆ ಬೇಡ. ‘ಡೋನಟ್ ಉಂಡೆ’ ಸ್ಪಷ್ಟವಾಗಿದೆ, ಆದರೆ ಬರಿಯ ‘ಉಂಡೆ’ ಎಂದರೆ ಎಳ್ಳುಂಡೆ, ಅರಳುಂಡೆಯ ಹಾಗೆ ಕಟ್ಟಿದ ಮೇಲೆ ಒಲೆ ಕಾಣದ್ದು ಎಂದು ಕೆಲವರು ತಿಳಿಯಬಹುದು, ಸುಕ್ರುಂಡೆ ಎಣ್ಣೆ ಕಂಡ ಉಂಡೆಯೇ ಆದರೂ. ಮಗಳು ಸೂಚಿಸಿದ್ದು ‘ಗೋಲಿ ಡೋನಟ್’. ಗೋಲಿಬಜೆಯ ಊರಿನವರಿಗೆ ಇದು ಕೂಡಲೇ ತಿಳಿಯುತ್ತದೆ, ಗಾತ್ರವೂ ಆಕಾರವೂ ಒಂದೇ ಮಾತಿನಲ್ಲಿ ಬಂದವು. ನನ್ನ ಒಲವು ಸದ್ಯ ಇದಕ್ಕೆ.

ನಿಮ್ಮಲ್ಲಿ ಕೇಳುವುದು ಇಷ್ಟು. ಪುತ್ತೂರು, ಸುಳ್ಯ, ಬಂಟ್ವಾಳ ಕಡೆಯ ಹವ್ಯಕರ ಮನೆಗಳಲ್ಲಿ ‘ಸುಟ್ಟವು’ ಯಾವ ಯಾವ ತಿಂಡಿಗೆ ಸಲ್ಲುತ್ತದೆ, ಹಲಸಿನದಕ್ಕೆ ಮಾತ್ರವೋ, ಬಾಳೆಹಣ್ಣಿನದಕ್ಕೂ ಹೆಸರುಬೇಳೆಯದಕ್ಕೂ ಉಂಟೋ? ತಮಿಳುನಾಡಿನ ಹೊಸೂರು, ತಾಳವಾಡಿಯ ಕನ್ನಡಿಗರು ಮನೆಯಲ್ಲಿ ಕನ್ನಡ ಆಡುವಾಗಲೂ ವಡೆ ‘ಸುಡು’ತ್ತಾರೆಯೇ? ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯ ‘ಭಾಜಣೆ’, ‘ತಳಣೆ’ಗಳ ಪಕ್ಕದಲ್ಲಿ, ಆದೋನಿ, ರಾಯದುರ್ಗದ ಕಡೆ ತೆಲುಗಿನ ‘ಕಾಲ್ಚು’, ‘ವೇಯಿಂಚು’ಗಳ ಪಕ್ಕದಲ್ಲಿ ಕನ್ನಡದ ಸುಡು, ಕರಿಗಳು ಹೇಗೆ ಹಂಚಿಕೊಂಡಿವೆ? ಮನೆಯ ಹಿರಿಯ ಹೆಂಗಸರನ್ನು ಕೇಳಿ, ಅವರು ಆಡಿದ ವಾಕ್ಯವನ್ನು ತಿದ್ದದೆ, ಊರಿನ ಹೆಸರಿನ ಸಮೇತ ಬರೆಯಿರಿ. ಮೈಸೂರಿಗೆ ಹೋಗಬೇಕಾದ ಕಾಗದ ಇನ್ನೂ ನನ್ನ ಮೇಜಿನ ಮೇಲೇ ಇದೆ. ‘ಸುಡಿ’ ಎಂಬುದರ ಕೆಳಗೆ ಪೆನ್ಸಿಲಿನ ಗೆರೆ ಎಳೆದಿಟ್ಟಿದ್ದೇನೆ.