ಸಹಾಯ ಬೇಕು: ಚಾರಣಕ್ಕೆ ಕೆನೆ ತೆಗೆಯದ ಹಾಲಿನ ಪುಡಿ

ಎಲ್ಲರಿಗೂ ನಮಸ್ಕಾರ. ಧಾರವಾಡದ ನಾವು ಐದು ಜನ ಡಿಸೆಂಬರಿನಲ್ಲಿ ಉತ್ತರಾಖಂಡದಲ್ಲಿ ಆರು ದಿನಗಳ ಚಾರಣ ಕೈಗೊಳ್ಳಲಿದ್ದು, ಅಡುಗೆಯ ಹೊಣೆ ನನ್ನದಾಗಿದೆ. ಬೆಳಿಗ್ಗೆ ಶಾವಿಗೆ ಪಾಯಸ, ರಾತ್ರಿ ಬಿಸಿ ಹಾಲು ಕೊಡಬೇಕೆಂದಿದ್ದೇನೆ. ಕೆನೆರಹಿತ ಪುಡಿಯಲ್ಲಿ ಕೊಬ್ಬು ಶೇ. 1.5ನ್ನು ಮೀರುವುದಿಲ್ಲ, ಕೆನೆ ತೆಗೆಯದ ಪುಡಿಯಲ್ಲಿ ಕನಿಷ್ಠ ಶೇ. 26ರಷ್ಟಿರುವುದರಿಂದ, ಚಳಿಯಲ್ಲಿ ಬೆನ್ನ ಮೇಲೆ ಹೊರುವ ತೂಕಕ್ಕೆ ತಕ್ಕ ಶಕ್ತಿ ಅದರಿಂದಲೇ ಸಿಗುತ್ತದೆ. ಆದರೆ ನಾನು ವಿಚಾರಿಸಿದ ಅಂಗಡಿಗಳಲ್ಲೆಲ್ಲ ಸಕ್ಕರೆ ಬೆರೆಸಿದ ಡೈರಿ ವೈಟ್ನರ್ ಅನ್ನೇ ತೋರಿಸಿದರು. ಹುಬ್ಬಳ್ಳಿ-ಧಾರವಾಡದಲ್ಲಿ ಸಕ್ಕರೆಯಿಲ್ಲದ ಅಪ್ಪಟ ಪುಡಿ ಒಂದೆರಡು ಕಿಲೋ ಎಲ್ಲಿ ದೊರೆಯಬಹುದು?

ಸಂಗ್ರಹವೇ ನನ್ನ ದೊಡ್ಡ ಚಿಂತೆ. ಕಳೆದ ಮಳೆಗಾಲದಲ್ಲಿ ಕಪ್ಪತಗುಡ್ಡಕ್ಕೆ ಒಯ್ದಿದ್ದ ಪುಡಿ ತೇವ ಹೀರಿ ಗಂಟುಗಟ್ಟಿತ್ತು; ಮೊದಲೇ ತೆರೆದಿಟ್ಟ ಪೊಟ್ಟಣವಾದ್ದರಿಂದ ಗಾಳಿ ತಾಗಿ ಕೊಬ್ಬು ಕೆಟ್ಟು ಕಮಟು ವಾಸನೆಯೂ ಬಂದಿತ್ತು. ಅದನ್ನು ಚೆಲ್ಲಬೇಕಾಗಿ ಬಂದಾಗ ನಿಜಕ್ಕೂ ನೋವಾಯಿತು. ಈ ಸಲ ಒಂದೊಂದು ಹೊತ್ತಿಗೆ ಬೇಕಾದಷ್ಟನ್ನು ಪ್ರತ್ಯೇಕವಾಗಿ ಜಿಪ್ ಚೀಲಗಳಲ್ಲಿ ತುಂಬಬೇಕೆಂದಿದ್ದೇನೆ. ಹಾಗೆ ಮಾಡಿದವರಿದ್ದರೆ, ಪುಡಿ ಎಷ್ಟು ದಿನ ಚೆನ್ನಾಗಿತ್ತು ಎಂಬುದನ್ನು ದಯವಿಟ್ಟು ತಿಳಿಸಿ.

ಉಗುರುಬೆಚ್ಚಗಿನ ನೀರಿನಲ್ಲಿ ಮೊದಲು ಗಟ್ಟಿಯಾಗಿ ಕಲಸಿ, ಆಮೇಲೆ ತೆಳುಮಾಡಿದರೆ ಮನೆಯಲ್ಲಿ ಗಂಟಾಗುವುದಿಲ್ಲ. ಕೊರೆಯುವ ತಣ್ಣೀರಷ್ಟೇ ಇರುವೆಡೆ ನೀವು ಹೇಗೆ ಕಲಸುತ್ತೀರಿ?